ಅಮ್ಮನ ಫೋನಿನಲ್ಲಿ ದಿನವಿಡೀ ‘ವೈರಸ್ ಇದೆ’ ಎಂಬ ಸೂಚನೆ: ಫೋನ್ ರೀಸೆಟ್ ಮಾಡಿಸಬೇಕೇ?

ಪ್ರಶ್ನೆ: ನನ್ನ ತಾಯಿ ನಿವೃತ್ತ ಶಿಕ್ಷಕಿ, ತಿಪಟೂರಿನಲ್ಲಿದ್ದಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಎರಡು ತಿಂಗಳಿಂದ ಅವರ ಆಂಡ್ರಾಯ್ಡ್ ಫೋನಿಗೆ ‘ನಿಮ್ಮ ಫೋನಿನಲ್ಲಿ 5 ವೈರಸ್ ಇವೆ, ಈಗಲೇ ತೆಗೆಯಿರಿ’, ‘ಕೆವೈಸಿ ಅವಧಿ ಮುಗಿದಿದೆ’, ‘ನಿಮಗೆ ಬಹುಮಾನ ಬಂದಿದೆ’ ಎಂಬ ನೋಟಿಫಿಕೇಷನ್‌ಗಳು ಸಾಲುಸಾಲಾಗಿ ಬರುತ್ತಿವೆ. ಈಚೆಗೆ ಫೋನ್ ಅನ್‌ಲಾಕ್ ಮಾಡಿದ ಕೂಡಲೇ ಇಡೀ ಪರದೆ ತುಂಬ ಜಾಹೀರಾತು ಬೇರೆ. ಅದೇ ಮನೆಯ ಲ್ಯಾಪ್‌ಟಾಪ್‌ನಲ್ಲಿ ನನ್ನ ತಮ್ಮ ಹಳೆಯ ಪ್ರಶ್ನೆಪತ್ರಿಕೆ ಡೌನ್‌ಲೋಡ್ ಮಾಡಲು ಹೋದ ಮೇಲೆ ಗೂಗಲ್ ಬದಲು ಯಾವುದೋ ಸರ್ಚ್ ಪುಟ ತೆರೆದುಕೊಳ್ಳುತ್ತದೆ. ಮೊಬೈಲ್ ಅಂಗಡಿಯವರು ‘ವೈರಸ್ ಬೋರ್ಡಿಗೇ ಹೋಗಿದೆ, ಸಾಫ್ಟ್‌ವೇರ್ ಹಾಕಬೇಕು, 1,500 ರೂಪಾಯಿ’ ಎಂದಿದ್ದಾರೆ. ನಾನು ಹಾಕಿಸಿದ ಎರಡು ಆಂಟಿವೈರಸ್‌ಗಳು ಏನೂ ಇಲ್ಲ ಎನ್ನುತ್ತವೆ. ಅಮ್ಮ ಗಾಬರಿಯಿಂದ ಯುಪಿಐ ಬಳಸುವುದನ್ನೇ ಬಿಟ್ಟಿದ್ದಾರೆ. ರೀಸೆಟ್ ಮಾಡಿಸಲೇ? ನಂಬರ್ ಬದಲಿಸಬೇಕೇ?

ಉತ್ತರ: ನಂಬರ್ ಬದಲಿಸುವುದು ಬೇಡ, ಅಂಗಡಿಗೆ ಹಣ ಕೊಡುವುದೂ ಬೇಡ. ರೀಸೆಟ್ ಕೊನೆಯ ದಾರಿ, ಅದು ಸದ್ಯಕ್ಕೆ ಬೇಕಾಗಿಲ್ಲ. ನೀವು ಬರೆದಿರುವುದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ: ಬ್ರೌಸರ್ ಮೂಲಕ ಬರುತ್ತಿರುವ ನೋಟಿಫಿಕೇಷನ್, ಫೋನಿನಲ್ಲಿ ಕೂತಿರುವ ಒಂದು ಜಾಹೀರಾತು ಆ್ಯಪ್, ಲ್ಯಾಪ್‌ಟಾಪ್ ಬ್ರೌಸರಿಗೆ ಸೇರಿಕೊಂಡ ಎಕ್ಸ್‌ಟೆನ್ಷನ್ ಎಂಬ ಸಣ್ಣ ಪ್ರೋಗ್ರಾಂ. ಮೂರನ್ನೂ ಒಂದೇ ‘ವೈರಸ್’ ಎಂದುಕೊಂಡರೆ ಯಾವುದೂ ಹೋಗುವುದಿಲ್ಲ. ಹಾಗಾಗಿ ಏನನ್ನಾದರೂ ಅಳಿಸುವ ಮೊದಲು ಪ್ರತಿ ಸೂಚನೆಯನ್ನೂ ಯಾರು ಕಳಿಸುತ್ತಿದ್ದಾರೆ ಎಂದು ಪತ್ತೆ ಮಾಡಿ.

ಆಂಟಿವೈರಸ್ ಏಕೆ ಏನನ್ನೂ ಹಿಡಿಯಲಿಲ್ಲ ಎಂಬುದರಲ್ಲೇ ಮೊದಲ ಸುಳಿವಿದೆ. ಆ ನೋಟಿಫಿಕೇಷನ್‌ಗಳ ಹಿಂದೆ ಫೋನಿನಲ್ಲಿ ಯಾವ ಫೈಲೂ ಇಲ್ಲ. ಯಾವುದೋ ಪುಟದಲ್ಲಿ ‘ನೀವು ರೋಬೋಟ್ ಅಲ್ಲ ಎಂದು ಖಚಿತಪಡಿಸಲು ಅಲೋ ಒತ್ತಿ’, ‘ವಿಡಿಯೋ ನೋಡಲು ಅಲೋ ಒತ್ತಿ’ ಎಂದು ಬರೆದಿರುತ್ತದೆ. ಜೊತೆಗೇ ಬ್ರೌಸರ್ ತನ್ನ ನಿಜವಾದ ಪೆಟ್ಟಿಗೆಯಲ್ಲಿ ‘ಈ ಸೈಟ್ ನೋಟಿಫಿಕೇಷನ್ ಕಳಿಸಬಹುದೇ’ ಎಂದು ಕೇಳುತ್ತದೆ. ಓದುವವರಿಗೆ ಎರಡೂ ಒಂದೇ ಪ್ರಶ್ನೆಯಂತೆ ಕಾಣುತ್ತವೆ, ಅಲೋ ಒತ್ತುತ್ತಾರೆ. ರೋಬೋಟ್ ಅಲ್ಲವೆಂದು ತೋರಿಸುವ ಅಸಲಿ ಪರೀಕ್ಷೆಗೆ ಚೌಕದಲ್ಲಿ ಗುರುತು ಹಾಕುವುದೋ ಚಿತ್ರ ಆರಿಸುವುದೋ ಸಾಕು. ಅದಕ್ಕೆ ನೋಟಿಫಿಕೇಷನ್ ಅನುಮತಿ ಎಂದೂ ಬೇಕಾಗುವುದಿಲ್ಲ. ಇಷ್ಟನ್ನು ಅಮ್ಮನಿಗೆ ಹೇಳಿಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆದಂತೆ.

ಒಮ್ಮೆ ಅಲೋ ಒತ್ತಿದ ಮೇಲೆ ಆ ಪುಟ ಮುಚ್ಚಿದರೂ ಸೂಚನೆಗಳು ನಿಲ್ಲುವುದಿಲ್ಲ. ಮನೆಗೆ ಪೇಪರ್ ಹಾಕಲು ಹೇಳಿದ ಮೇಲೆ ನೀವು ಊರಲ್ಲಿಲ್ಲದಿದ್ದರೂ ಬಾಗಿಲಲ್ಲಿ ಪೇಪರ್ ಬೀಳುವ ಹಾಗೆ. ಬ್ರೌಸರಿನಲ್ಲಿ ಸರ್ವಿಸ್ ವರ್ಕರ್ ಎಂಬ ಸಣ್ಣ ಭಾಗ ಹಿನ್ನೆಲೆಯಲ್ಲಿ ಆ ಸಂದೇಶಗಳನ್ನು ಪಡೆದು ತೋರಿಸುತ್ತದೆ. 2015ರಲ್ಲಿ ಕ್ರೋಮ್‌ಗೆ ಈ ಸೌಲಭ್ಯ ಬಂದದ್ದು ಸುದ್ದಿ, ಮೇಲ್, ಚಾಟ್ ತಾಣಗಳಿಗೆ ಅನುಕೂಲವಾಗಲಿ ಎಂದು. ಜಾಹೀರಾತು ದಂಧೆಯವರು ಅದನ್ನೇ ಹಿಡಿದುಕೊಂಡರು: ಒಂದು ಅಲೋ ಸಿಕ್ಕರೆ ತಿಂಗಳುಗಟ್ಟಲೆ ಜಾಹೀರಾತು ಕಳಿಸಬಹುದು, ಪ್ರತಿ ಕ್ಲಿಕ್ಕಿಗೂ ಹಣ. ಅನುಮತಿ ಅಂಟಿಕೊಂಡಿರುವುದು ಆ ಫೋನಿನ ಆ ಬ್ರೌಸರಿಗೆ, ಮೊಬೈಲ್ ನಂಬರಿಗಲ್ಲ. ಸಿಮ್ ಬದಲಿಸಿದರೂ ಅದೇ ಸೂಚನೆಗಳು ಬರುತ್ತವೆ.

‘5 ವೈರಸ್ ಇವೆ’ ಎಂಬ ಮಾತು ಪೂರ್ತಿ ಸುಳ್ಳು. ವೆಬ್ ಪುಟಕ್ಕೆ ಫೋನಿನ ಫೈಲ್‌ಗಳನ್ನು ತಪಾಸಣೆ ಮಾಡುವ ಶಕ್ತಿಯೇ ಇಲ್ಲ, ಬ್ರೌಸರ್ ಅದನ್ನು ಬೇಲಿಯೊಳಗೆ ಇಟ್ಟಿರುತ್ತದೆ. ‘ಹಾಗಾದರೆ ನಮ್ಮ ಫೋನಿನ ಮಾಡೆಲ್ ಹೆಸರು ಅದಕ್ಕೆ ಹೇಗೆ ಗೊತ್ತಾಯಿತು’ ಎಂದು ಬಹಳ ಜನ ಕೇಳುತ್ತಾರೆ. ಪುಟ ತೆರೆಯುವಾಗ ಯಾವ ಸಾಧನ, ಯಾವ ಆಂಡ್ರಾಯ್ಡ್ ಎಂಬುದನ್ನು ಬ್ರೌಸರೇ ತಾಣಕ್ಕೆ ತಿಳಿಸುವುದುಂಟು, ಊರಿನ ಅಂದಾಜು ಐಪಿ ವಿಳಾಸದಿಂದ ಸಿಗುತ್ತದೆ. ಪುಟ ತೆರೆದಾಗ ಫೋನ್ ಗಡಗಡ ನಡುಗುವುದೂ ವೈರಸ್ಸಿನಿಂದಲ್ಲ. ವೈಬ್ರೇಟ್ ಮಾಡಿಸುವ ಆದೇಶ ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಯಾವ ಪುಟಕ್ಕೂ ಲಭ್ಯ. ಬ್ಯಾಕ್ ಒತ್ತಿದರೂ ಪುಟ ಬಿಡದೆ ಹಿಡಿದುಕೊಳ್ಳುವುದು ಇನ್ನೊಂದು ಹಳೆಯ ಆಟ: ಹಿಸ್ಟರಿಯಲ್ಲಿ ತನ್ನದೇ ನಕಲಿ ಪುಟಗಳನ್ನು ತುಂಬಿರುತ್ತದೆ. ಬ್ಯಾಕ್ ಬಿಟ್ಟು ಆ ಟ್ಯಾಬನ್ನೇ ಮುಚ್ಚಿದರೆ ಮುಗಿಯಿತು.

ಅಂದರೆ ಸೂಚನೆ ಬಂದದ್ದರಿಂದ ಹಾನಿಯಾಗಿಲ್ಲ. ಅದನ್ನು ಒತ್ತಿ, ಅಲ್ಲಿ ಹೇಳಿದ ‘ಕ್ಲೀನರ್’ ಹಾಕಿಕೊಂಡರೆ, ಕೆವೈಸಿ ಎಂದು ಕಾರ್ಡ್ ವಿವರ ಕೊಟ್ಟರೆ, ಅಲ್ಲಿನ ನಂಬರಿಗೆ ಕರೆ ಮಾಡಿದರೆ ಹಾನಿ. ಅಮ್ಮ ಇವುಗಳಲ್ಲಿ ಯಾವುದನ್ನಾದರೂ ಮಾಡಿದ್ದಾರೆಯೇ ಎಂದು ಗದರಿಸದೆ, ನಿಧಾನವಾಗಿ ಕೇಳಿ. ಬೈಯುತ್ತಾರೆ ಎಂಬ ಭಯವಿದ್ದರೆ ಹಿರಿಯರು ಹೇಳುವುದಿಲ್ಲ, ಮುಂದಿನ ಕ್ರಮವೆಲ್ಲ ಆ ಉತ್ತರದ ಮೇಲೆ ನಿಂತಿದೆ.

ಫೋನಿನ ನೋಟಿಫಿಕೇಷನ್ ನಿಲ್ಲಿಸುವುದು

ನೀವು ದೂರದಲ್ಲಿರುವುದರಿಂದ ವಾಟ್ಸ್‌ಆ್ಯಪ್ ವಿಡಿಯೋ ಕರೆಯಲ್ಲಿ ಸ್ಕ್ರೀನ್ ಶೇರ್ ಮಾಡಿಸಿಕೊಂಡು ಹೇಳಿಕೊಡಬಹುದು. ಆ ಹೊತ್ತಿನಲ್ಲಿ ಬ್ಯಾಂಕ್ ಅಥವಾ ಯುಪಿಐ ಆ್ಯಪ್ ತೆರೆಯುವುದು ಬೇಡ. ಮನೆಯವರಲ್ಲದ ಯಾರು ಕೇಳಿದರೂ ಸ್ಕ್ರೀನ್ ಶೇರ್ ಕೊಡಬಾರದು ಎಂದೂ ಆಗಲೇ ಹೇಳಿಬಿಡಿ.

ಮುಂದಿನ ಸಲ ಸೂಚನೆ ಬಂದಾಗ ಪರದೆಯನ್ನು ಮೇಲಿನಿಂದ ಕೆಳಗೆ ಎಳೆದು, ಆ ಸೂಚನೆಯ ಮೇಲೆ ಬೆರಳು ಒತ್ತಿ ಹಿಡಿಯಲು ಹೇಳಿ. ಸುಮ್ಮನೆ ಮುಟ್ಟಿದರೆ ಪುಟ ತೆರೆದುಬಿಡುತ್ತದೆ, ಒತ್ತಿ ಹಿಡಿದರೆ ಕಳಿಸಿದ ಆ್ಯಪ್‌ನ ಹೆಸರು ಕಾಣುತ್ತದೆ. ಕ್ರೋಮ್ ಎಂದಿದ್ದರೆ ಸೂಚನೆಯಲ್ಲಿ ತಾಣದ ವಿಳಾಸವೂ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬೇರೆ ಆ್ಯಪ್ ಹೆಸರಿದ್ದರೆ ಅದು ಎರಡನೆಯ ತೊಂದರೆಗೆ ಸೇರಿದ್ದು, ಕೆಳಗೆ ಬರುತ್ತದೆ. ಸೂಚನೆ ಆಗಲೇ ಮಾಯವಾಗಿದ್ದರೆ ಆಂಡ್ರಾಯ್ಡ್ 11 ಮತ್ತು ನಂತರದ ಬಹುತೇಕ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ ಹಿಸ್ಟರಿ ಇದೆ. ಅದನ್ನು ಆನ್ ಮಾಡಿಟ್ಟರೆ ಆಮೇಲೆ ಬಂದದ್ದನ್ನು ಅಲ್ಲಿ ನೋಡಬಹುದು.

ಇನ್ನು ಅನುಮತಿ ಹಿಂತೆಗೆದುಕೊಳ್ಳುವುದು. ಕ್ರೋಮ್ ತೆರೆದು ಮೇಲಿನ ಮೂರು ಚುಕ್ಕೆ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್. ಫೋನ್ ಕನ್ನಡದಲ್ಲಿದ್ದರೆ ಕೊನೆಯದು ‘ಅಧಿಸೂಚನೆಗಳು’. ಅಲ್ಲಿ ಅನುಮತಿ ಪಡೆದ ತಾಣಗಳ ಪಟ್ಟಿ ಇರುತ್ತದೆ. ಅರ್ಥವಿಲ್ಲದ ಅಕ್ಷರಗಳು, ನಡುವೆ ಅಂಕಿಗಳು, ಎಂದೂ ಕೇಳದ ಕೊನೆ: ಇಂಥವನ್ನು ಒಂದೊಂದಾಗಿ ತೆರೆದು ಬ್ಲಾಕ್ ಮಾಡಿ. ಆ ತಾಣದ ಅನುಮತಿಯನ್ನು ಬರೀ ರೀಸೆಟ್ ಮಾಡಿದರೆ ಅದು ಮತ್ತೆ ಕೇಳಬಹುದು, ಬ್ಲಾಕ್ ಮಾಡಿದರೆ ಕೇಳಲು ಆಗುವುದಿಲ್ಲ.

ಹೆಚ್ಚಿನವರು ಎಡವುವುದು ಇದೇ ಪುಟದ ಮೇಲ್ತುದಿಯ ಸ್ವಿಚ್‌ನಲ್ಲಿ. ಅದನ್ನು ಆಫ್ ಮಾಡಿದರೆ ಹೊಸ ತಾಣಗಳು ಇನ್ನು ಕೇಳುವುದಿಲ್ಲ, ಆದರೆ ಹಿಂದೆ ಅನುಮತಿ ಪಡೆದವು ಹಾಗೆಯೇ ಉಳಿಯುತ್ತವೆ. ಸ್ವಿಚ್ ಆಫ್ ಮಾಡಿಯೂ ಸೂಚನೆ ಬಂದಾಗ ‘ಇದು ದೊಡ್ಡ ವೈರಸ್ಸೇ ಇರಬೇಕು’ ಎಂಬ ಭಯ ಹುಟ್ಟುತ್ತದೆ. ಎರಡನ್ನೂ ಮಾಡಬೇಕು: ಪಟ್ಟಿ ಖಾಲಿ ಮಾಡಿ, ಸ್ವಿಚ್ಚೂ ಆಫ್ ಮಾಡಿ. ನಿಮ್ಮ ತಾಯಿಯವರ ಬಳಕೆಯಲ್ಲಿ ವೆಬ್ ತಾಣದ ನೋಟಿಫಿಕೇಷನ್ ಅಗತ್ಯವಾದದ್ದು ಒಂದೂ ಇರಲಾರದು. ವಾಟ್ಸ್‌ಆ್ಯಪ್, ಬ್ಯಾಂಕ್, ಮೇಲ್ ಎಲ್ಲವೂ ಆ್ಯಪ್‌ಗಳಿಂದ ಬರುತ್ತವೆ, ಅವಕ್ಕೆ ಇದರಿಂದ ಧಕ್ಕೆಯಿಲ್ಲ.

ಫೋನಿನ ಕಂಪನಿಯೇ ಕೊಟ್ಟ ಇನ್ನೊಂದು ಬ್ರೌಸರ್ ಇದ್ದರೆ ಅದಕ್ಕೂ ಪ್ರತ್ಯೇಕ ಪಟ್ಟಿ ಇರುತ್ತದೆ, ಅದನ್ನೂ ನೋಡಿ. ನಿಮ್ಮಲ್ಲಿ ಯಾರದಾದರೂ ಐಫೋನ್ ಇದ್ದರೆ ಈ ಬಗೆಯ ಕಾಟ ಕಡಿಮೆ, ಏಕೆಂದರೆ ಅಲ್ಲಿ ತಾಣವನ್ನು ಹೋಮ್ ಸ್ಕ್ರೀನಿಗೆ ಸೇರಿಸಿದರೆ ಮಾತ್ರ ಅದು ನೋಟಿಫಿಕೇಷನ್ ಕಳಿಸಬಲ್ಲದು. ಐಫೋನಿನಲ್ಲಿ ಇಂಥ ‘ವೈರಸ್’ ಎಚ್ಚರಿಕೆ ಸಾಮಾನ್ಯವಾಗಿ ಕ್ಯಾಲೆಂಡರ್ ಒಳಗೆ ಬರುತ್ತದೆ. ಪರಿಚಯವಿಲ್ಲದ ಸಬ್‌ಸ್ಕ್ರೈಬ್ಡ್ ಕ್ಯಾಲೆಂಡರ್ ಅಳಿಸಿದರೆ ಹೋಗುತ್ತದೆ.

ಅನ್‌ಲಾಕ್ ಮಾಡಿದಾಗ ಬರುವ ಜಾಹೀರಾತು

ಇದು ಬ್ರೌಸರಿನದಲ್ಲ. ಬ್ರೌಸರ್ ತೆರೆಯದೆಯೇ ಪರದೆ ತುಂಬ ಜಾಹೀರಾತು ಬಂತು ಎಂದರೆ ಅದನ್ನು ತೋರಿಸುತ್ತಿರುವ ಆ್ಯಪ್ ಒಂದಿದೆ. ಟಾರ್ಚ್, ಕ್ಯೂಆರ್ ಸ್ಕ್ಯಾನರ್, ಪಿಡಿಎಫ್ ರೀಡರ್, ವಾಲ್‌ಪೇಪರ್, ಕೀಬೋರ್ಡ್, ಫೋಟೋ ಫ್ರೇಮ್ ಮತ್ತು ‘ಫೋನ್ ಕ್ಲೀನರ್’ಗಳನ್ನು ಮೊದಲು ಅನುಮಾನಿಸಿ. ಪ್ಲೇ ಸ್ಟೋರಿನದು ಎಂದ ಮಾತ್ರಕ್ಕೆ ಬಿಡಬೇಡಿ. ಬಳಕೆಗೆ ಅಡ್ಡ ಬರುವ ಜಾಹೀರಾತು ತೋರಿಸುತ್ತಿದ್ದ ಸುಮಾರು 600 ಆ್ಯಪ್‌ಗಳನ್ನು 2020ರ ಫೆಬ್ರವರಿಯಲ್ಲಿ ಗೂಗಲ್ಲೇ ತನ್ನ ಅಂಗಡಿಯಿಂದ ತೆಗೆದುಹಾಕಿತ್ತು.

ಹಿಡಿಯುವ ಸುಲಭ ಉಪಾಯ ಹೀಗಿದೆ. ಜಾಹೀರಾತು ಪರದೆಯ ಮೇಲಿರುವಾಗಲೇ, ಅದನ್ನು ಮುಚ್ಚದೆ, ಇತ್ತೀಚಿನ ಆ್ಯಪ್‌ಗಳನ್ನು ತೋರಿಸುವ ಬಟನ್ ಒತ್ತಿ. ಬೆರಳು ಸರಿಸುವ ಫೋನಾದರೆ ಕೆಳಗಿನಿಂದ ಮೇಲಕ್ಕೆ ಎಳೆದು ಹಿಡಿಯಿರಿ. ಜಾಹೀರಾತು ಒಂದು ಕಾರ್ಡಿನಂತೆ ಕುಗ್ಗುತ್ತದೆ, ಅದರ ಮೇಲೆ ಆ್ಯಪ್‌ನ ಐಕಾನ್ ಇರುತ್ತದೆ. ಐಕಾನ್ ಒತ್ತಿ ಹಿಡಿದು ಆ್ಯಪ್ ಇನ್‌ಫೋಗೆ ಹೋಗಿ ಅನ್‌ಇನ್‌ಸ್ಟಾಲ್ ಮಾಡಿ. ಕೆಲವು ಆ್ಯಪ್‌ಗಳು ತಮ್ಮ ಐಕಾನ್ ಖಾಲಿ ಇಟ್ಟು, ಹೆಸರನ್ನೂ ‘ಸೆಟ್ಟಿಂಗ್ಸ್’, ‘ಬ್ಯಾಟರಿ’ ಎಂದು ಇಟ್ಟುಕೊಂಡಿರುತ್ತವೆ. ಆಗ ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗದಲ್ಲಿ ಸ್ಪೆಷಲ್ ಆ್ಯಪ್ ಆ್ಯಕ್ಸೆಸ್ ತೆರೆದು, ‘ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್’ ಅನುಮತಿ ಯಾರಿಗಿದೆ ನೋಡಿ. ಟಾರ್ಚಿಗೆ ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವ ಕೆಲಸವೇನೂ ಇಲ್ಲ.

ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿದ್ದು ಒತ್ತಲು ಬಾರದಿದ್ದರೆ ಆ ಆ್ಯಪ್ ಡಿವೈಸ್ ಅಡ್ಮಿನ್ ಅಧಿಕಾರ ಪಡೆದಿರುವ ಸಾಧ್ಯತೆ ಇದೆ. ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ‘ಡಿವೈಸ್ ಅಡ್ಮಿನ್’ ಎಂದು ಹುಡುಕಿ ಅಧಿಕಾರ ತೆಗೆದು ಆಮೇಲೆ ಅಳಿಸಿ. ಯಾವ ಆ್ಯಪ್ ಎಂದು ತಿಳಿಯದೇ ಹೋದರೆ ಸೇಫ್ ಮೋಡ್ ನೋಡಿ: ಬಹುತೇಕ ಫೋನುಗಳಲ್ಲಿ ಪವರ್ ಆಫ್ ಎಂಬುದನ್ನು ಒತ್ತಿ ಹಿಡಿದರೆ ಸೇಫ್ ಮೋಡ್ ಕೇಳುತ್ತದೆ. ಅಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಜಾಹೀರಾತು ನಿಂತರೆ ಕಳ್ಳ ಅವುಗಳಲ್ಲೇ ಇದ್ದಾನೆ. ತೊಂದರೆ ಶುರುವಾದ ಸಮಯಕ್ಕೆ ಹಾಕಿದವನ್ನು ಒಂದೊಂದಾಗಿ ತೆಗೆದು ನೋಡಿ. ಕೊನೆಗೆ ಪ್ಲೇ ಸ್ಟೋರಿನಲ್ಲಿ ಪ್ರೊಫೈಲ್ ಚಿತ್ರ ಒತ್ತಿ ಪ್ಲೇ ಪ್ರೊಟೆಕ್ಟ್ (ಗೂಗಲ್‌ನದೇ ಆ್ಯಪ್ ತಪಾಸಣೆ) ಸ್ಕ್ಯಾನ್ ಮಾಡಿಸಿ. ಎರಡು ಆಂಟಿವೈರಸ್ ಒಟ್ಟಿಗೆ ಇಟ್ಟುಕೊಳ್ಳುವುದರಿಂದ ಬ್ಯಾಟರಿ ಖರ್ಚು ಹೆಚ್ಚುತ್ತದೆಯೇ ಹೊರತು ಲಾಭವಿಲ್ಲ, ಒಂದನ್ನಾದರೂ ತೆಗೆಯಿರಿ.

ಲಾಕ್ ಪರದೆಯಲ್ಲೇ ಚಿತ್ರ, ಸುದ್ದಿ, ಆಟ ಬದಲಾಗುತ್ತಾ ಬರುತ್ತಿದ್ದರೆ ಅದು ಗ್ಲಾನ್ಸ್‌ನಂಥ ಸೇವೆ ಇರಬಹುದು. ಹಲವು ಕಂಪನಿಗಳ ಫೋನುಗಳಲ್ಲಿ ಅದು ಮೊದಲೇ ಇರುತ್ತದೆ. ಅದು ಕಳ್ಳ ಆ್ಯಪ್ ಅಲ್ಲ, ಬೇಡವಾದರೆ ಲಾಕ್ ಸ್ಕ್ರೀನ್ ಅಥವಾ ವಾಲ್‌ಪೇಪರ್ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು.

ನಿಜವಾಗಿ ಹೆದರಬೇಕಾದದ್ದು ಎಪಿಕೆ ಫೈಲಿಗೆ, ಅಂದರೆ ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆ್ಯಪ್ ಹಾಕಿಸುವ ಫೈಲಿಗೆ. ಆರ್‌ಟಿಒ ಚಲನ್, ಪಿಎಂ ಕಿಸಾನ್, ಮದುವೆ ಆಮಂತ್ರಣ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆಗಳು ಜಾಹೀರಾತು ತೋರಿಸಲು ಬಂದವಲ್ಲ. ಎಸ್ಸೆಮ್ಮೆಸ್ ಓದುವ ಅನುಮತಿ, ಪರದೆಯ ಮೇಲಿನದನ್ನು ಓದಬಲ್ಲ ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳಿ ಪಡೆದು, ಓಟಿಪಿಯನ್ನು ಸದ್ದಿಲ್ಲದೆ ಬೇರೆಯವರಿಗೆ ಕಳಿಸುತ್ತವೆ. ಆಮಂತ್ರಣ ಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಅದನ್ನು ನೋಡಲು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸ್ಪೆಷಲ್ ಆ್ಯಪ್ ಆ್ಯಕ್ಸೆಸ್‌ನಲ್ಲೇ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ತೆರೆದು ಕ್ರೋಮ್, ವಾಟ್ಸ್‌ಆ್ಯಪ್, ಫೈಲ್ ಮ್ಯಾನೇಜರ್ ಎಲ್ಲಕ್ಕೂ ಅನುಮತಿ ತೆಗೆದಿಡಿ. ಇಂಥ ಎಪಿಕೆ ಆಗಲೇ ಹಾಕಿಯಾಗಿದೆ ಎಂದು ತಿಳಿದರೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ಡಿಜಿಟಲ್ ವ್ಯವಹಾರ ತಡೆಹಿಡಿಯಲು ಹೇಳಿ. ಆ ಸಂದರ್ಭದಲ್ಲಿ ಮಾತ್ರ ರೀಸೆಟ್ ಮಾಡಿ ಎಂದು ನಾನೇ ಹೇಳುತ್ತೇನೆ.

ಲ್ಯಾಪ್‌ಟಾಪ್

ಪ್ರಶ್ನೆಪತ್ರಿಕೆ ಹುಡುಕುವಾಗ ಸಿಗುವ ತಾಣಗಳಲ್ಲಿ ಡೌನ್‌ಲೋಡ್ ಎಂಬ ಬಟನ್ ಮೂರು ನಾಲ್ಕು ಇರುತ್ತವೆ. ದೊಡ್ಡದಾಗಿ, ಬಣ್ಣಬಣ್ಣವಾಗಿ ಇರುವುದು ಬಹುಪಾಲು ಜಾಹೀರಾತು. ಪಿಡಿಎಫ್ ಬರಬೇಕಾದ ಕಡೆ ಇಎಕ್ಸ್‌ಇ ಅಥವಾ ಜಿಪ್ ಫೈಲ್ ಬಂದರೆ, ಇಲ್ಲವೇ ‘ಈ ಎಕ್ಸ್‌ಟೆನ್ಷನ್ ಸೇರಿಸಿ’ ಎಂದರೆ ಅಲ್ಲಿಗೇ ನಿಲ್ಲಬೇಕು.

ಕ್ರೋಮ್‌ನ ಎಕ್ಸ್‌ಟೆನ್ಷನ್ಸ್ ಪುಟ ತೆರೆದು ಗೊತ್ತಿಲ್ಲದ್ದನ್ನೆಲ್ಲ ರಿಮೂವ್ ಮಾಡಿ. ವಿಂಡೋಸ್ ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯನ್ನು ಇನ್‌ಸ್ಟಾಲ್ ದಿನಾಂಕದ ಪ್ರಕಾರ ಜೋಡಿಸಿ, ಆ ದಿನ ಬಂದವನ್ನು ತೆಗೆಯಿರಿ. ಆಮೇಲೆ ಕ್ರೋಮ್ ಸೆಟ್ಟಿಂಗ್ಸ್‌ನ ರೀಸೆಟ್ ಬಳಸಿ. ಅದು ಸರ್ಚ್ ಎಂಜಿನ್, ಆರಂಭದ ಪುಟ ಸರಿ ಮಾಡುತ್ತದೆ, ಎಕ್ಸ್‌ಟೆನ್ಷನ್‌ಗಳನ್ನು ನಿಲ್ಲಿಸುತ್ತದೆ. ಬುಕ್‌ಮಾರ್ಕ್, ಉಳಿಸಿದ ಪಾಸ್‌ವರ್ಡ್ ಉಳಿಯುತ್ತವೆ. ತಾಣಗಳಿಗೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ, ಅಷ್ಟೆ. ಹಳೆಯ ಲೇಖನಗಳಲ್ಲಿ ಹೇಳುವ ಕ್ರೋಮ್ ಕ್ಲೀನಪ್ ಟೂಲ್ ಹುಡುಕಬೇಡಿ, ಅದನ್ನು 2023ರಲ್ಲೇ ನಿಲ್ಲಿಸಲಾಗಿದೆ.

ತೆಗೆದದ್ದು ಮರುದಿನ ಮತ್ತೆ ಬಂದರೆ ಕಾರಣಗಳು ಹೆಚ್ಚಿಲ್ಲ. ತಮ್ಮನ ಗೂಗಲ್ ಖಾತೆಯ ಸಿಂಕ್ ಇನ್ನೊಂದು ಕಂಪ್ಯೂಟರಿನಿಂದ ಅದನ್ನು ತರುತ್ತಿರಬಹುದು, ಅಲ್ಲೂ ತೆಗೆಯಬೇಕು. ಡೆಸ್ಕ್‌ಟಾಪಿನ ಕ್ರೋಮ್ ಐಕಾನಿನ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಸಾಲಿನ ಕೊನೆಗೆ ಯಾವುದೋ ತಾಣದ ವಿಳಾಸ ಅಂಟಿಸಿರಬಹುದು. ಇನ್ನೊಂದು, ಕ್ರೋಮ್ ಮೆನುವಿನಲ್ಲಿ ‘ನಿಮ್ಮ ಸಂಸ್ಥೆ ಈ ಬ್ರೌಸರ್ ನಿರ್ವಹಿಸುತ್ತಿದೆ’ ಎಂಬ ಸಾಲು. ಅದು ಮನೆಯ ಸ್ವಂತ ಲ್ಯಾಪ್‌ಟಾಪ್ ಆಗಿದ್ದರೆ, ಆಡ್‌ವೇರ್ (ಜಾಹೀರಾತು ತೋರಿಸುವ ಕಳ್ಳ ತಂತ್ರಾಂಶ) ಪಾಲಿಸಿ, ಅಂದರೆ ಸಂಸ್ಥೆಗಳು ಬ್ರೌಸರಿಗೆ ಹಾಕುವ ನಿಯಮ, ಎಂಬ ಹೆಸರಿನಲ್ಲಿ ಬೀಗ ಹಾಕಿರುವ ಅನುಮಾನ ಬರಬೇಕು. ಕೆಲವು ಆಂಟಿವೈರಸ್‌ಗಳೂ ಪಾಲಿಸಿ ಹಾಕುತ್ತವೆ, ಹಾಗಾಗಿ ಮೊದಲು ಮಾಲ್‌ವೇರ್‌ಬೈಟ್ಸ್‌ನ ಉಚಿತ ಆಡ್‌ಕ್ಲೀನರ್ (AdwCleaner) ಓಡಿಸಿ ನೋಡಿ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟಿರುವ ರಿಜಿಸ್ಟ್ರಿಗೆ ಕೈ ಹಾಕಬೇಡಿ. ಆಡ್‌ಕ್ಲೀನರನ್ನು ಆ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಬೇಕು. ವಿಂಡೋಸ್ ಸೆಕ್ಯುರಿಟಿಯ ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್ ವಿಭಾಗದಲ್ಲಿ ‘ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಆನ್ ಮಾಡಿ. ಅದು ಆಫ್ ಆಗಿದ್ದರೆ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಇಂಥ ಆಡ್‌ವೇರನ್ನು ತಡೆಯದೆ ಬಿಡಬಹುದು.

‘ಮೈಕ್ರೋಸಾಫ್ಟ್‌ಗೆ ಕರೆ ಮಾಡಿ’ ಎಂದು ಪರದೆ ತುಂಬಿ, ಶಬ್ದ ಮಾಡಿ, ಮೌಸ್ ಸಿಗದಂತೆ ಮಾಡುವ ಪುಟ ಬಂದರೆ ಎಸ್ಕೇಪ್ ಕೀಲಿಯನ್ನು ಒಂದೆರಡು ಸೆಕೆಂಡ್ ಒತ್ತಿ ಹಿಡಿಯಲು ತಮ್ಮನಿಗೆ ಹೇಳಿ. ಬಿಡದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಮುಗಿಸಿ. ಮತ್ತೆ ತೆರೆದಾಗ ‘ಹಳೆಯ ಪುಟಗಳನ್ನು ತೆರೆಯಲೇ’ ಎಂದರೆ ಬೇಡ ಎನ್ನಬೇಕು. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ.

ತಾಣ ಅಸಲಿಯೇ ಎಂದು ತಿಳಿಯುವುದು

ಬೀಗದ ಚಿಹ್ನೆ ಇದ್ದರೆ ಸುರಕ್ಷಿತ ಎಂಬ ಹಳೆಯ ಪಾಠವನ್ನು ಬಿಡಬೇಕು. ದಾರಿಯಲ್ಲಿ ಯಾರೂ ಕದ್ದು ಓದುವುದಿಲ್ಲ ಎಂದಷ್ಟೇ ಅದರ ಅರ್ಥ, ಆ ತುದಿಯಲ್ಲಿ ಕೂತವರು ಸಾಚಾ ಎಂದಲ್ಲ. ಬೀಗದ ಚಿಹ್ನೆಗೆ ಬೇಕಾದ ಪ್ರಮಾಣಪತ್ರ ಈಗ ಯಾರಿಗೂ ಉಚಿತವಾಗಿ ಸಿಗುತ್ತದೆ. ತಪ್ಪು ಕಲ್ಪನೆ ಬೇಡವೆಂದೇ ಕ್ರೋಮ್ 2023ರಲ್ಲಿ ಬೀಗದ ಚಿತ್ರವನ್ನು ಕೈಬಿಟ್ಟಿತು.

ವಿಳಾಸವನ್ನು ಬಲದಿಂದ ಎಡಕ್ಕೆ ಓದುವುದು ಕಲಿಸಿ. ಆರಂಭದ ‘https://’ ಬಿಟ್ಟು, ಮೊದಲ ಅಡ್ಡಗೀಟಿನ (/) ಹಿಂದಿನ ಕೊನೆಯ ಎರಡು ಮೂರು ಪದಗಳೇ ಯಜಮಾನನ ಹೆಸರು, ಅದಕ್ಕೂ ಎಡಕ್ಕೆ ಏನನ್ನು ಬೇಕಾದರೂ ಬರೆದುಕೊಳ್ಳಬಹುದು. ಪಹಣಿ, ಸೇವಾ ಸಿಂಧು, ಸಿಇಟಿಯಂಥ ರಾಜ್ಯದ ಸೇವೆಗಳ ಅಸಲಿ ವಿಳಾಸ ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆ. ‘ಪಹಣಿ’ ಎಂಬ ಪದ ಮುಂದಿದ್ದು ಕೊನೆಗೆ ಡಾಟ್ ಕಾಮ್ ಇದ್ದರೆ ಅದು ಖಾಸಗಿಯವರದು, ಅಲ್ಲಿ ಆಧಾರ್ ಸಂಖ್ಯೆ ಕೊಡಬೇಡಿ. ಬ್ಯಾಂಕ್‌ಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು, ಇದೂ ಒಳ್ಳೆಯ ಗುರುತು. ಸರ್ಚ್ ಫಲಿತಾಂಶದ ಮೇಲ್ತುದಿಯಲ್ಲಿ ‘ಸ್ಪಾನ್ಸರ್ಡ್’ ಎಂದಿರುವುದು ಹಣ ಕೊಟ್ಟು ಹಾಕಿದ ಜಾಹೀರಾತು. ಬ್ಯಾಂಕಿನ ಸಹಾಯವಾಣಿ ನಂಬರನ್ನು ಅಲ್ಲಿಂದ ತೆಗೆದುಕೊಳ್ಳದೆ ಪಾಸ್‌ಬುಕ್ ಅಥವಾ ಕಾರ್ಡಿನ ಹಿಂಬದಿಯಿಂದ ತೆಗೆದುಕೊಳ್ಳಲಿ.

ಆಂಡ್ರಾಯ್ಡ್ 9ರಿಂದೀಚೆಗಿನ ಫೋನಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬ ಆಯ್ಕೆ ಇದೆ. ಡಿಎನ್‌ಎಸ್ ಎಂದರೆ ತಾಣದ ಹೆಸರಿನಿಂದ ಅದರ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಅಲ್ಲಿ ಜಾಹೀರಾತು ತಡೆಯುವ ಡಿಎನ್‌ಎಸ್ ಹೆಸರು ಹಾಕಿದರೆ ಹಲವು ಮೋಸದ ತಾಣಗಳು ತೆರೆಯುವುದೇ ಇಲ್ಲ. ಆದರೆ ಕೆಲವೊಮ್ಮೆ ಬೇಕಾದ ಆ್ಯಪ್ ಕೂಡ ಕೆಲಸ ಮಾಡುವುದಿಲ್ಲ, ರೈಲು ನಿಲ್ದಾಣದ ವೈಫೈಯಂಥದ್ದು ಲಾಗಿನ್ ಆಗುವುದಿಲ್ಲ. ಆಗ ಆಫ್ ಮಾಡುವುದು ಹೇಗೆಂದು ಅಮ್ಮನಿಗೆ ಗೊತ್ತಿದ್ದರೆ ಮಾತ್ರ ಹಾಕಿ.

ಅಂಗಡಿಯವರ ಮಾತು ಮತ್ತು ರೀಸೆಟ್

ಜಾಹೀರಾತು ತೋರಿಸುವ ಆ್ಯಪ್ ಫೋನಿನ ಬೋರ್ಡಿಗೆ ಹೋಗುವುದಿಲ್ಲ. ಕೆಲವು ಅಗ್ಗದ ಫೋನುಗಳಲ್ಲಿ ಕಾರ್ಖಾನೆಯಿಂದಲೇ ಸಾಫ್ಟ್‌ವೇರ್‌ನೊಳಗೆ ಟ್ರಯಾಡಾ ಎಂಬ ಮಾಲ್ವೇರ್ ಸೇರಿಬಂದದ್ದುಂಟು. 2019ರಲ್ಲಿ ಗೂಗಲ್ ಅದನ್ನು ಒಪ್ಪಿ ವಿವರಿಸಿತ್ತು. ಹೊಸ ಫೋನ್ ಮೊದಲ ದಿನದಿಂದಲೇ ಹೀಗಾಡುತ್ತಿದ್ದರೆ, ರೀಸೆಟ್ ಮಾಡಿದರೂ ಹೋಗದಿದ್ದರೆ ಆ ಅನುಮಾನ ಸರಿ, ಆಗ ಕಂಪನಿಯ ಸರ್ವೀಸ್ ಸೆಂಟರಿಗೇ ಹೋಗಬೇಕು. ನಿಮ್ಮದು ಎರಡು ತಿಂಗಳ ತೊಂದರೆ, ಹಾಗಲ್ಲ. ‘ಸಾಫ್ಟ್‌ವೇರ್ ಹಾಕುವುದು’ ಎಂದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬುವುದು. ಫೋಟೋ ಹೋಗುತ್ತವೆ, ಪಾಸ್‌ವರ್ಡ್ ಕೊಟ್ಟು ಫೋನ್ ಬಿಟ್ಟುಬರಬೇಕಾದ ಅಪಾಯ ಬೇರೆ.

ರೀಸೆಟ್ ಮಾಡಲೇಬೇಕಾದರೆ ಮೊದಲು ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಖಚಿತಪಡಿಸಿಕೊಳ್ಳಿ. ಅದಿಲ್ಲದಿದ್ದರೆ ರೀಸೆಟ್ ಆದ ಫೋನ್ ಒಳಗೆ ಬಿಟ್ಟುಕೊಳ್ಳದೇ ಹೋಗಬಹುದು. ವಾಟ್ಸ್‌ಆ್ಯಪ್ ಬ್ಯಾಕಪ್, ಫೋಟೋ ಬ್ಯಾಕಪ್ ಮುಗಿಸಿ. ಆಮೇಲೆ ಫೋನ್ ‘ಹಳೆಯ ಆ್ಯಪ್‌ಗಳನ್ನೆಲ್ಲ ತರಲೇ’ ಎಂದಾಗ ಎಲ್ಲವನ್ನೂ ತರಿಸಬೇಡಿ, ಕಳ್ಳ ಆ್ಯಪ್ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಬೇಕಾದವನ್ನು ಆರಿಸಿ ಹಾಕಿ. ಯುಪಿಐ ಮತ್ತೆ ನೋಂದಾಯಿಸಲು ಬ್ಯಾಂಕಿಗೆ ಜೋಡಿಸಿದ ಸಿಮ್ ಅದೇ ಫೋನಿನಲ್ಲಿರಬೇಕು.

ಅಮ್ಮ ಎಲ್ಲಾದರೂ ಕಾರ್ಡ್ ವಿವರ ಅಥವಾ ಓಟಿಪಿ ಕೊಟ್ಟಿದ್ದರೆ, ಹಣ ಹೋಗಿದ್ದರೆ, ಬ್ಯಾಂಕಿಗೆ ತಿಳಿಸಿ ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು, ಜಿಲ್ಲೆಯ ಸೈಬರ್ ಅಪರಾಧ (ಸಿಇಎನ್) ಪೊಲೀಸ್ ಠಾಣೆಗೂ ಹೋಗಬಹುದು. ಪಾಸ್‌ವರ್ಡ್ ಬದಲಿಸುವುದಾದರೆ ಬೇರೆ ಸಾಧನದಿಂದ ಬದಲಿಸಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಉಚಿತ ತಪಾಸಣಾ ಸಾಧನಗಳಿವೆ, ಅಂಗಡಿಗೆ ಹಣ ಕೊಡುವ ಮೊದಲು ಅವನ್ನು ಬಳಸಿ ನೋಡಬಹುದು.

ಇದ್ಯಾವುದೂ ಆಗಿಲ್ಲದಿದ್ದರೆ, ಮೇಲಿನ ಅನುಮತಿಗಳನ್ನು ತೆಗೆದು ಆ ಆ್ಯಪ್ ಅಳಿಸಿದ ಮೇಲೆ ಅವರು ಯುಪಿಐ ಎಂದಿನಂತೆ ಬಳಸಬಹುದು. ನಾಲ್ಕೈದು ದಿನ ನೋಟಿಫಿಕೇಷನ್ ಹಿಸ್ಟರಿ ಗಮನಿಸಿ. ಮತ್ತೂ ಬಂದರೆ ಎಷ್ಟು ಹೊತ್ತಿಗೆ ಬಂತು, ಯಾವ ಆ್ಯಪ್ ಹೆಸರಿನಲ್ಲಿ, ಯಾವ ತಾಣದ ವಿಳಾಸದಿಂದ ಎಂಬ ಮೂರು ವಿವರ ಬರೆದು ಕಳಿಸಿ. ಫೋನಿನ ಮಾಡೆಲ್ ಮತ್ತು ಆಂಡ್ರಾಯ್ಡ್ ಆವೃತ್ತಿಯನ್ನೂ ಸೇರಿಸಿದರೆ ಮುಂದಿನ ಹೆಜ್ಜೆ ಹೇಳಲು ಸುಲಭವಾಗುತ್ತದೆ.